ಪಸ್ ಸೆಲ್ ಅಂದ್ರೆ ಕ್ರಿಮಿಯ ಲೆಕ್ಕ ಅಲ್ಲ

ಸ್ಟೂಲ್ ರಿಪೋರ್ಟ್ ಕೈಗೆ ಬಂದ ಕೂಡಲೇ ಜನ ಕೌಂಟರಿನಲ್ಲೇ ನಿಂತು ಓದುತ್ತಾರೆ. ‘ಪಸ್ ಸೆಲ್ಸ್ 20–25’ ಅಂತ ಕಂಡರೆ ಮುಖ ಸಪ್ಪಗಾಗುತ್ತದೆ. ‘ಇಷ್ಟೊಂದು ಕ್ರಿಮಿ ಇದೆಯಾ ಮೇಡಂ?’ ಅಂತ ಕೇಳುತ್ತಾರೆ. ‘ನಿಲ್’ ಅಂತ ಇದ್ದರೆ ‘ಅಬ್ಬ, ಇನ್ಫೆಕ್ಷನ್ ಏನೂ ಇಲ್ಲ’ ಅಂತ ಹೊರಡುತ್ತಾರೆ. ಎರಡೂ ಸರಿಯಲ್ಲ. ಡಿಎಂಎಲ್‌ಟಿ ಅನ್ನುವ ಲ್ಯಾಬ್ ಡಿಪ್ಲೊಮಾ ಮುಗಿಸಿ ಹೊಸದಾಗಿ ನಮ್ಮ ಲ್ಯಾಬಿಗೆ ಸೇರುವವರಿಗೂ ಇದೇ ಗೊಂದಲ. ಅದಕ್ಕೇ ಅವರಿಗೆ ಮೊದಲು ಹೇಳಿಕೊಡುವ ಪಾಠವೂ ಇದೇ.

ಪಸ್ ಸೆಲ್ ನಮ್ಮದೇ ಬಿಳಿ ರಕ್ತಕಣ. ಹೆಚ್ಚಿನವು ನ್ಯೂಟ್ರೋಫಿಲ್. ರಕ್ತದಲ್ಲಿ ಓಡಾಡಿಕೊಂಡಿರಬೇಕಾದದ್ದು ಕರುಳಿನ ಗೋಡೆ ದಾಟಿ ಮಲಕ್ಕೆ ಬಂದು ಬಿದ್ದಿದೆ. ಒಳಗೆ ಎಷ್ಟು ಬ್ಯಾಕ್ಟೀರಿಯಾ ಇದೆ ಅನ್ನುವುದನ್ನು ಆ ಸಂಖ್ಯೆ ಹೇಳುವುದಿಲ್ಲ. ಕರುಳು ಎಷ್ಟು ಜೋರಾಗಿ ತಿರುಗಿಬಿದ್ದಿದೆ ಅನ್ನುವುದನ್ನು ಹೇಳುತ್ತದೆ.

ಬ್ಯಾಕ್ಟೀರಿಯಾದ ಮಾತಿಗೆ ಬಂದರೆ, ಪೂರ್ತಿ ಆರೋಗ್ಯವಾಗಿರುವವರ ಸ್ಲೈಡಿನಲ್ಲೂ ಅವು ಕಿಕ್ಕಿರಿದಿರುತ್ತವೆ. ಪಸ್ ಸೆಲ್ ಮಾತ್ರ ಹುಡುಕಿದರೂ ಒಂದೆರಡು ಸಿಕ್ಕರೆ ಹೆಚ್ಚು. ಇದು ಹೇಗೆ ಸಾಧ್ಯ? ಕರುಳಿನ ಒಳಪದರ ಅಂದರೆ ಒಂದೇ ಒಂದು ಸಾಲು ಜೀವಕೋಶ. ಅದೂ ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸದಾಗಿ ಹುಟ್ಟುತ್ತದೆ. ಅದರ ಮೇಲೆ ಲೋಳೆ. ದೊಡ್ಡ ಕರುಳಿನಲ್ಲಿ ಈ ಲೋಳೆಗೆ ಎರಡು ಪದರ. ಹೊರಗಿನದರಲ್ಲಿ ಬ್ಯಾಕ್ಟೀರಿಯಾ ವಾಸ, ಗೋಡೆಗೆ ಅಂಟಿದ ಒಳಪದರದಲ್ಲಿ ಅವು ಇಲ್ಲವೆಂದೇ ಹೇಳಬೇಕು. ಸಣ್ಣ ಕರುಳಿನ ಗುಳಿಗಳ ತಳದಲ್ಲಿ ಪ್ಯಾನೆತ್ ಕೋಶಗಳಿವೆ. ಇವು ಡಿಫೆನ್ಸಿನ್, ಲೈಸೋಜೈಮ್ ಅನ್ನುವ, ಬ್ಯಾಕ್ಟೀರಿಯಾ ಕೊಲ್ಲುವ ಪ್ರೊಟೀನುಗಳನ್ನು ಸುರಿಸುತ್ತಿರುತ್ತವೆ. ಇಷ್ಟರ ಜೊತೆಗೆ ಐಜಿಎ. ದೇಹದಲ್ಲಿ ದಿನಾ ತಯಾರಾಗುವ ಪ್ರತಿಕಾಯಗಳಲ್ಲಿ ಇದರದ್ದೇ ಸಿಂಹಪಾಲು, ಕೆಲವು ಗ್ರಾಂಗಳಷ್ಟು. ಬ್ಯಾಕ್ಟೀರಿಯಾಗೆ ಅಂಟಿಕೊಂಡು, ಗುಂಪುಗೂಡಿಸಿ, ಗೋಡೆಯ ಹತ್ತಿರ ಬರದ ಹಾಗೆ ಸಾಗಹಾಕುತ್ತದೆ. ಉರಿಯೂತ ಇಲ್ಲ, ಜ್ವರ ಇಲ್ಲ, ಗಲಾಟೆ ಇಲ್ಲ. ಕರುಳಿನ ಹೆಚ್ಚಿನ ಕೆಲಸ ನಡೆಯುವುದೇ ಹೀಗೆ. ನಮ್ಮ ಸ್ಲೈಡಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ನ್ಯೂಟ್ರೋಫಿಲ್ ಗುಂಪಾಗಿ ಕಂಡಿತು ಅಂದರೆ ಸಾಮಾನ್ಯವಾಗಿ ಈ ಸುಮ್ಮನಿರುವ ಕಾವಲನ್ನು ಯಾರೋ ದಾಟಿದ್ದಾರೆ ಅಂತ ಅರ್ಥ.

ಹಾಗಾದರೆ ಪಸ್ ಸೆಲ್ ಇಲ್ಲ ಅಂದರೆ ಯಾರೂ ಬಂದಿಲ್ಲ ಅಂತಲಾ? ಅಲ್ಲ. ಕಾಲರಾ ನೋಡಿ. ಡಬ್ಬಿಯ ತುಂಬ ಅಕ್ಕಿ ತೊಳೆದ ನೀರಿನಂಥ ಸ್ಯಾಂಪಲ್ ಬರುತ್ತದೆ. ವಾಸನೆಯೂ ಅಷ್ಟಿರುವುದಿಲ್ಲ. ಹ್ಯಾಂಗಿಂಗ್ ಡ್ರಾಪ್ ಹಾಕಿದರೆ, ಅಂದರೆ ಒಂದು ಹನಿಯನ್ನು ಗಾಜಿಗೆ ತೂಗುಬಿಟ್ಟು ನೋಡಿದರೆ, ಕಾಲರಾದ ಬ್ಯಾಕ್ಟೀರಿಯಾ ವಿಬ್ರಿಯೋ ಸರ್‍ರನೆ ಅಡ್ಡಾದಿಡ್ಡಿ ಓಡುತ್ತಿರುತ್ತವೆ. ಪಸ್ ಸೆಲ್ ಹುಡುಕಿ ಹುಡುಕಿ ಕಣ್ಣು ಸೋಲುತ್ತದೆ. ರೋಗಿ ಮಾತ್ರ ನೀರೆಲ್ಲ ಕಳೆದುಕೊಂಡು ಡ್ರಿಪ್ ಮೇಲೆ ಮಲಗಿರುತ್ತಾರೆ. ಕಾರಣ ಇಷ್ಟೇ: ವಿಬ್ರಿಯೋ ಗೋಡೆ ಒಡೆದು ಒಳಗೆ ನುಗ್ಗುವುದಿಲ್ಲ. ಮೇಲೆ ಕೂತು ವಿಷ ಬಿಡುತ್ತದೆ. ಆ ವಿಷ ಜೀವಕೋಶದ ಒಳಗೆ ಸೇರಿ ಕ್ಲೋರೈಡ್ ಹೊರಗೆ ಹರಿಯುವಂತೆ ಮಾಡುತ್ತದೆ, ಅದರ ಹಿಂದೆಯೇ ನೀರು. ಗೋಡೆಗೆ ಪೆಟ್ಟು ಬಿದ್ದಿಲ್ಲ, ಹಾಗಾಗಿ ನ್ಯೂಟ್ರೋಫಿಲ್‌ಗೆ ಕರೆಯೂ ಹೋಗಿಲ್ಲ. ಈ ವಿಷವನ್ನು ಮೊಲದ ಕರುಳಿನಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತದ ಶಂಭುನಾಥ್ ಡೇ. 1959ರಲ್ಲಿ, ಒಂದು ಸಾಧಾರಣ ಲ್ಯಾಬಿನಲ್ಲಿ ಕೂತು. ನಮ್ಮಂಥವರು ಈ ಹೆಸರು ನೆನಪಿಟ್ಟುಕೊಳ್ಳಬೇಕು ಅಂತ ನನಗೆ ಅನಿಸುತ್ತದೆ. ಎಷ್ಟೋ ಜನರಿಗೆ ಕಾಲರಾ ಬ್ಯಾಕ್ಟೀರಿಯಾ ಗುರುತಿಸಿದ ಕಾಕ್ ಗೊತ್ತು, ಡೇ ಗೊತ್ತಿಲ್ಲ.

ಗೋಡೆಗೆ ಪೆಟ್ಟು ಬಿದ್ದಿಲ್ಲದ ಕಾರಣಕ್ಕೇ ಓಆರ್‌ಎಸ್ ಕೆಲಸ ಮಾಡುವುದು. ಉಪ್ಪು, ಸಕ್ಕರೆಯನ್ನು ಜೊತೆಯಾಗಿ ಹೀರಿಕೊಳ್ಳುವ ದಾರಿ ಹಾಗೇ ತೆರೆದಿರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾಕ್ಟರ್ ದಿಲೀಪ್ ಮಹಲನಬಿಸ್ ಇದನ್ನೇ ಡ್ರಮ್ಮುಗಳಲ್ಲಿ ಕಲಸಿ ಕುಡಿಸಿ ಸಾವಿರಾರು ಜೀವ ಉಳಿಸಿದರು. ಇನ್ನು ಪ್ರತಿರಕ್ಷೆ ಕಾಲರಾದಲ್ಲಿ ಕೈಕಟ್ಟಿ ಕೂತಿರುತ್ತದೆ ಅಂತಲ್ಲ. ನಿಧಾನವಾಗಿ ಐಜಿಎ ತಯಾರಾಗುತ್ತದೆ, ಮುಂದಿನ ಸಲಕ್ಕೆ ರಕ್ಷಣೆ ಕೊಡುತ್ತದೆ. ಕಾಲರಾ ಲಸಿಕೆಯನ್ನು ಬಾಯಿಗೆ ಹಾಕುವುದು ಕರುಳಿನಲ್ಲೇ ಈ ಕೆಲಸ ಶುರುವಾಗಲಿ ಅಂತ.

ಈಗ ಇದಕ್ಕೆ ಪೂರ್ತಿ ಉಲ್ಟಾ ಇರುವ ಸ್ಯಾಂಪಲ್. ಡಬ್ಬಿಯಲ್ಲಿ ಒಂದು ಚಮಚದಷ್ಟು. ಬರೀ ಲೋಳೆ, ಅಲ್ಲಲ್ಲಿ ರಕ್ತದ ಗೆರೆ. ರೋಗಿಗೆ ಜ್ವರ, ಹೊಟ್ಟೆ ನುಲಿತ, ಹತ್ತು ಸಲ ಎದ್ದರೂ ಇಷ್ಟೇ ಹೋಗುವುದು. ಹಳಬರು ಆಮಶಂಕೆ ಅನ್ನುತ್ತಾರಲ್ಲ, ಅದೇ. ಕಡ್ಡಿಯ ತುದಿಯಲ್ಲಿ ಆ ಲೋಳೆಯನ್ನೇ ಎತ್ತಿ, ಮೆಥಿಲೀನ್ ಬ್ಲೂ ಒಂದು ಹನಿ ಬಿಟ್ಟು, ಕವರ್ ಸ್ಲಿಪ್ ಹಾಕಿ 40ರ ಲೆನ್ಸಿಗೆ ತಿರುಗಿಸಿ. ಫೀಲ್ಡ್ ತುಂಬ ನ್ಯೂಟ್ರೋಫಿಲ್. ಎರಡು ಮೂರು ಹಾಲೆಗಳ ನೀಲಿ ನ್ಯೂಕ್ಲಿಯಸ್, ಒಂದಕ್ಕೊಂದು ತಾಗಿ ಎಣಿಸಲು ಆಗದಷ್ಟು. ನಡುವೆ ಕೆಂಪು ರಕ್ತಕಣ. ಇಂಥದ್ದು ಕಂಡರೆ ಶಿಗೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು ಅಂತ ಮೊದಲು ತಲೆಗೆ ಬರಬೇಕು, ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ಟೆಸ್ಟಿಗೆ ಕಳಿಸಬಹುದಾ ಅಂತ ಡಾಕ್ಟರಿಗೆ ಫೋನ್ ಹೋಗಬೇಕು.

ಶಿಗೆಲ್ಲಾ ಬಹಳ ಕಿಲಾಡಿ. ಕಾಯಿಲೆ ಬರಲು ಹತ್ತರಿಂದ ನೂರು ಬ್ಯಾಕ್ಟೀರಿಯಾ ಹೊಟ್ಟೆ ಸೇರಿದರೂ ಸಾಕು. ಅದಕ್ಕೇ ಮನೆಯಲ್ಲಿ ಒಬ್ಬರಿಗೆ ಬಂದರೆ ಕೈಯಿಂದ ಕೈಗೆ ಇನ್ನೊಬ್ಬರಿಗೆ ದಾಟುತ್ತದೆ. ಕರುಳಿನ ಕೋಶಗಳನ್ನು ಮೇಲ್ಭಾಗದಿಂದ ಹೊಗಲು ಇದಕ್ಕೆ ಬರುವುದಿಲ್ಲ. ಹಾಗಾಗಿ ಎಂ ಕೋಶ ಅನ್ನುವ ಬಾಗಿಲಿನಿಂದ ನುಸುಳುತ್ತದೆ. ಆ ಬಾಗಿಲು ಇರುವುದೇ ಒಳಗೆ ಏನೇನು ಬಂದಿದೆ ಅಂತ ಪ್ರತಿರಕ್ಷೆಗೆ ಸ್ವಲ್ಪ ಸ್ವಲ್ಪ ಮಾದರಿ ಒಪ್ಪಿಸಲು. ಬಾಗಿಲಾಚೆ ಕಾದಿರುವ, ಕ್ರಿಮಿ ನುಂಗುವ ಕಾವಲು ಕೋಶ ಮ್ಯಾಕ್ರೋಫೇಜ್ ಶಿಗೆಲ್ಲಾವನ್ನು ನುಂಗುತ್ತದೆ. ಶಿಗೆಲ್ಲಾ ಆ ಮ್ಯಾಕ್ರೋಫೇಜನ್ನೇ ಕೊಲ್ಲುತ್ತದೆ. ಸಾಯುವಾಗ ಮ್ಯಾಕ್ರೋಫೇಜ್ ಇಂಟರ್‌ಲ್ಯೂಕಿನ್-1 ಬಿಡುತ್ತದೆ, ಅಕ್ಕಪಕ್ಕದ ಕೋಶಗಳು ಇಂಟರ್‌ಲ್ಯೂಕಿನ್-8 ಬಿಡುತ್ತವೆ. ಎರಡೂ ಅಪಾಯದ ಕರೆ. ನ್ಯೂಟ್ರೋಫಿಲ್‌ಗಳು ದಂಡುದಂಡಾಗಿ ಬರುತ್ತವೆ, ಕೋಶ ಕೋಶಗಳ ಸಂದಿಯಲ್ಲಿ ತೂರಿಕೊಂಡು ಕರುಳಿನ ಒಳಕ್ಕೆ ಇಳಿಯುತ್ತವೆ. ಆ ಸಂದಿಗಳು ಬಿಚ್ಚಿಕೊಂಡಾಗ ಇನ್ನಷ್ಟು ಶಿಗೆಲ್ಲಾ ಅದೇ ದಾರಿಯಲ್ಲಿ ಗೋಡೆಯೊಳಗೆ ನುಗ್ಗುತ್ತದೆ! ಅಂದರೆ ಮೊದಮೊದಲು ನಮ್ಮ ಸೈನ್ಯವೇ ಶತ್ರುವಿಗೆ ದಾರಿ ಮಾಡಿಕೊಟ್ಟ ಹಾಗಾಗುತ್ತದೆ. ಮೊಲಗಳಲ್ಲಿ ನ್ಯೂಟ್ರೋಫಿಲ್ ಬರುವುದನ್ನು ತಡೆದು ನೋಡಿದಾಗ ಶಿಗೆಲ್ಲಾ ನುಗ್ಗುವುದೂ ಕರುಳಿನ ಹಾನಿಯೂ ಕಮ್ಮಿಯಾಗಿತ್ತು. ಆದರೆ ಕೊನೆಗೆ ಗೆಲ್ಲುವುದೂ ಇವೇ. ಮ್ಯಾಕ್ರೋಫೇಜನ್ನು ಕೊಲ್ಲಬಲ್ಲ ಶಿಗೆಲ್ಲಾ, ನ್ಯೂಟ್ರೋಫಿಲ್ ಕೈಗೆ ಸಿಕ್ಕರೆ ಸಾಯುತ್ತದೆ. ಡಬ್ಬಿಗೆ ಬಂದ ಆ ಲೋಳೆ, ರಕ್ತ, ಪಸ್ ಸೆಲ್ ಎಲ್ಲ ಈ ಜಗಳದ ಉಳಿಕೆ.

ಅಮೀಬಾ ಬ್ಯಾಕ್ಟೀರಿಯಾ ಅಲ್ಲ, ಆದರೂ ಇಲ್ಲೇ ಹೇಳಬೇಕು. ಅದರಲ್ಲೂ ರಕ್ತ, ಲೋಳೆ ಇರುತ್ತದೆ. ಪಸ್ ಸೆಲ್ ಮಾತ್ರ ಶಿಗೆಲ್ಲಾದಷ್ಟು ಇರುವುದಿಲ್ಲ, ಏಕೆಂದರೆ ಅಮೀಬಾ ಹತ್ತಿರ ಬಂದ ನ್ಯೂಟ್ರೋಫಿಲ್‌ಗಳನ್ನೇ ಕೊಂದು ಹಾಕುತ್ತದೆ. ಕೆಂಪು ರಕ್ತಕಣ ನುಂಗಿ ತೆವಳುವ ಅಮೀಬಾ ಬಿಸಿ ಸ್ಯಾಂಪಲಿನಲ್ಲಿ ಮಾತ್ರ ಕಾಣುತ್ತದೆ. ಸ್ಯಾಂಪಲ್ ಆರಿದ ಮೇಲೆ ಅಲ್ಲಾಡುವುದು ನಿಲ್ಲಿಸುತ್ತದೆ. ಆಮೇಲೆ ಅದನ್ನು ಬೇರೆ ದೊಡ್ಡ ಕೋಶಗಳಿಂದ ಬೇರ್ಪಡಿಸಿ ಹೇಳುವುದು ಕಷ್ಟ.

ಟೈಫಾಯ್ಡ್ ಇನ್ನೂ ಬೇರೆ ಥರ. ಅದರ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ಟೈಫಿಯೂ ಅದೇ ಎಂ ಕೋಶದ ಬಾಗಿಲಿನಿಂದ, ಸಣ್ಣ ಕರುಳಿನ ಕೊನೆಯಲ್ಲಿರುವ ಪೇಯರ್ ಪ್ಯಾಚುಗಳ (ಪ್ರತಿರಕ್ಷೆಯ ಕೋಶಗಳ ಗುಂಪುಗಳು) ಮೂಲಕ ಹೋಗುತ್ತದೆ. ಆದರೆ ವಿಐ ಅನ್ನುವ ಹೊದಿಕೆ ಹೊದ್ದು, ಅಪಾಯದ ಕರೆ ಏಳದ ಹಾಗೆ ನೋಡಿಕೊಳ್ಳುತ್ತದೆ. ಮ್ಯಾಕ್ರೋಫೇಜ್ ಒಳಗೇ ಬದುಕಿಕೊಂಡು ಲಿವರ್, ಗುಲ್ಮ, ಮೂಳೆಮಜ್ಜೆ ಸೇರುತ್ತದೆ. ಹಾಗಾಗಿ ಎಷ್ಟೋ ಜನರಿಗೆ ಭೇದಿಯೇ ಇರುವುದಿಲ್ಲ, ಮಲಬದ್ಧತೆಯೇ ಜಾಸ್ತಿ. ಮುಂದೆ ಪಿತ್ತದ ಜೊತೆ ಮತ್ತೆ ಕರುಳಿಗೆ ಬರುತ್ತದೆ. ಆಗ ಪೇಯರ್ ಪ್ಯಾಚುಗಳು ಊದಿಕೊಂಡು ಹುಣ್ಣಾಗುತ್ತವೆ. ಚಿಕಿತ್ಸೆ ಸಿಗದಿದ್ದರೆ ಮೂರನೇ ವಾರದ ಹೊತ್ತಿಗೆ ಕರುಳು ತೂತಾಗುವ ಭಯ ಇರುವುದು ಇದರಿಂದಲೇ.

ಇಲ್ಲಿ ಟೈಫಾಯ್ಡಿಗೆ ಮಾಡಿಸುವ ವಿಡಾಲ್ ಟೆಸ್ಟ್ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಜ್ವರ ಬಂದು ಎರಡೇ ದಿನಕ್ಕೆ ಚೀಟಿ ಹಿಡಿದು ಬರುತ್ತಾರೆ. 1896ರ ಟೆಸ್ಟ್ ಅದು, ಹುಡುಕುವುದು ರಕ್ತದಲ್ಲಿರುವ ಪ್ರತಿಕಾಯವನ್ನು. ಅದು ತಯಾರಾಗಲು ಒಂದು ವಾರವಾದರೂ ಬೇಕಲ್ವಾ? ಮೇಲಾಗಿ ನಮ್ಮ ಕಡೆ ಹಿಂದೆಂದೋ ಬಂದು ಹೋದ ಸೋಂಕಿನ ಪ್ರತಿಕಾಯ ಎಷ್ಟೋ ಜನರಲ್ಲಿ ಮೊದಲೇ ಇರುತ್ತದೆ. ಎರಡನೇ ದಿನದ ವಿಡಾಲ್ 1:80 ಬಂತು (80 ಪಟ್ಟು ತೆಳುಮಾಡಿದರೂ ಪ್ರತಿಕಾಯ ಕಂಡಿತು) ಅಂತ ಟೈಫಾಯ್ಡ್ ಹೆಸರಿಡುವುದು ನನಗೆ ಒಪ್ಪಿಗೆ ಇಲ್ಲ. ಆ ಹೊತ್ತಿಗೆ ಬೇಕಾದದ್ದು ಬ್ಲಡ್ ಕಲ್ಚರ್. ಖರ್ಚು ಜಾಸ್ತಿ, ಕಾಯಬೇಕು, ನಿಜ. ಆದರೆ ಸಿಕ್ಕರೆ ಯಾವ ಆ್ಯಂಟಿಬಯಾಟಿಕ್ ನಾಟುತ್ತದೆ ಅನ್ನುವುದೂ ಅದರಲ್ಲೇ ಗೊತ್ತಾಗುತ್ತದೆ.

ಪಸ್ ಸೆಲ್ ಜಾಸ್ತಿ ಇದ್ದ ಮಾತ್ರಕ್ಕೆ ಸೋಂಕೇ ಅಂತಲೂ ಅಲ್ಲ. ದೊಡ್ಡ ಕರುಳಿನಲ್ಲಿ ಉರಿಯೂತವಾಗಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಹೊರಗಿನ ಶತ್ರು ಯಾರೂ ಇಲ್ಲದೆಯೇ ನ್ಯೂಟ್ರೋಫಿಲ್ ಸುರಿಯುತ್ತದೆ. ವಾರಗಟ್ಟಲೆ ರಕ್ತ ಹೋಗುತ್ತಿದ್ದು, ಕಲ್ಚರಿನಲ್ಲಿ ಏನೂ ಬೆಳೆಯದೆ, ಪಸ್ ಸೆಲ್ ಮಾತ್ರ ಪ್ರತಿ ಸಲವೂ ಇದ್ದರೆ ಕೊಲೊನೋಸ್ಕೋಪಿ ಮಾಡುವವರ ಹತ್ತಿರ ಹೋಗಬೇಕು. ಮೆಡಿಕಲ್ ಶಾಪಿನಿಂದ ಇನ್ನೊಂದು ಸ್ಟ್ರಿಪ್ ತಂದು ನುಂಗುವುದರಲ್ಲಿ ಅರ್ಥ ಇಲ್ಲ. ಆ್ಯಂಟಿಬಯಾಟಿಕ್ ಸುಮ್ನೆ ನುಂಗಿದರೆ ಕರುಳಿನ ನಮ್ಮದೇ ಬ್ಯಾಕ್ಟೀರಿಯಾ ಸಾಯುತ್ತವೆ. ಅವು ಜಾಗ ಹಿಡಿದು ಕೂತಿರುವುದೂ ಒಂದು ರಕ್ಷಣೆ. 1950ರ ದಶಕದಲ್ಲೇ ಇಲಿಗಳಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು ನೋಡಿದ್ದರು. ಲಕ್ಷದಷ್ಟು ಸಾಲ್ಮೊನೆಲ್ಲಾ ಬೇಕಿದ್ದ ಕಡೆ ಬೆರಳೆಣಿಕೆಯಷ್ಟು ಸಾಕಾಯಿತು.

ಈಗ ಕ್ಯಾಲ್‌ಪ್ರೊಟೆಕ್ಟಿನ್ ಟೆಸ್ಟ್ ಬಂದಿದೆ. ನ್ಯೂಟ್ರೋಫಿಲ್ ಒಳಗಿನ ಪ್ರೊಟೀನನ್ನೇ ಮಲದಲ್ಲಿ ಅಳೆಯುತ್ತದೆ. ಕೋಶ ಒಡೆದು ಹೋಗಿದ್ದರೂ ಅದು ಕೆಲವು ದಿನ ಕೆಡದೆ ಉಳಿಯುತ್ತದೆ. ಒಳ್ಳೆಯದೇ. ಆದರೆ ದುಬಾರಿ, ಎಲ್ಲ ಕಡೆ ಇಲ್ಲ, ಮತ್ತು ಉರಿಯೂತ ಇದೆ ಅಂತ ಹೇಳುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ.

ಹಾಗಾಗಿ ನಮ್ಮಲ್ಲಿ ಇನ್ನೂ ಸ್ಲೈಡೇ ಗತಿ. ಡಬ್ಬಿಯ ಮೇಲೆ ಸ್ಯಾಂಪಲ್ ಹಿಡಿದ ಹೊತ್ತು ಬರೆಸುತ್ತೇವೆ. ಗಂಟೆಗಟ್ಟಲೆ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿದ್ದು ಬಂದದ್ದಾದರೆ ಪಸ್ ಸೆಲ್ ಕರಗಿರುತ್ತದೆ, ಶಿಗೆಲ್ಲಾ ಸತ್ತಿರುತ್ತದೆ. ಇನ್ನೊಮ್ಮೆ ತನ್ನಿ ಅನ್ನುತ್ತೇವೆ. ಬೈಸಿಕೊಂಡರೂ ಪರವಾಗಿಲ್ಲ. ನೀವು ಕೊಡುವಾಗಲೂ ಅಷ್ಟೇ: ಒಣಗಿದ ಸ್ವಚ್ಛ ಡಬ್ಬಿ, ಮೂತ್ರ ಬೆರೆಯದ ಹಾಗೆ, ಲೋಳೆ ರಕ್ತ ಇರುವ ಭಾಗವನ್ನೇ ಆರಿಸಿ, ಸಾಧ್ಯವಾದರೆ ಆ್ಯಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆ, ಒಂದು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ.