ಸೈನ್ಯದ ಹಳೆಯ ರೈಫಲ್ ಕೊಳ್ಳುವಾಗ ನಳಿಕೆಯನ್ನು ಮೊದಲು ನೋಡಿ

ಸೈನ್ಯಗಳು ಬಳಸಿ ಬದಿಗಿಟ್ಟ ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಗುಂಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ತಳ್ಳಬೇಕಾದದ್ದು) ಒಂದನ್ನು ಕಡಿಮೆ ಖರ್ಚಿನಲ್ಲಿ ಕೊಳ್ಳಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ, ಯಾವ ದೇಶದ್ದು ಒಳ್ಳೆಯದು ಎಂಬುದು. ಪರವಾನಗಿಯ ವಿಷಯವನ್ನು ಇತ್ಯರ್ಥ ಮಾಡಿಕೊಂಡ ಮೇಲೆ ನಾನು ತೋಟಾ ಸಿಗುತ್ತದೆಯೇ, ನಳಿಕೆ ಹೇಗಿದೆ ಎಂಬ ಎರಡು ಪ್ರಶ್ನೆಗಳನ್ನೇ ಮುಂದೆ ಇಡುತ್ತೇನೆ. ದೇಶದ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಳ್ಳುತ್ತೇನೆ. ಒಂದೇ ಕಾರ್ಖಾನೆಯಲ್ಲಿ ಒಂದೇ ವರ್ಷ ತಯಾರಾದ ಎರಡು ರೈಫಲ್‌ಗಳು ಕೂಡ ದಶಕಗಳ ಬಳಕೆಯ ನಂತರ ಒಂದರಂತೆ ಇನ್ನೊಂದು ಇರುವುದಿಲ್ಲ.

ಇದನ್ನು ನಾನು ಕಲಿತದ್ದು ಮೊದಲ ಖರೀದಿಯಲ್ಲಿ ಮೋಸಹೋದ ಮೇಲೆ. ಅದು ರಷ್ಯಾದ ಮೊಸಿನ್-ನಾಗಾಂತ್, ಎಂ91/30 ಮಾದರಿಯದು. ಬೋಲ್ಟ್, ಮ್ಯಾಗಜೀನಿನ ತಳ, ಭುಜಕ್ಕೆ ಆನಿಸುವ ಹಿಂಬದಿಯ ತಗಡು, ಎಲ್ಲದರ ಮೇಲೂ ಒಂದೇ ಸಂಖ್ಯೆ ಇದ್ದುದನ್ನು ಕಂಡು, ಇದು ಕಾರ್ಖಾನೆಯಿಂದ ಬಂದಂತೆಯೇ ಉಳಿದಿದೆ ಎಂದು ನಂಬಿದೆ. ಯುದ್ಧದ ನಂತರ ಸೋವಿಯತ್ ಶಸ್ತ್ರಾಗಾರಗಳು ರೈಫಲ್‌ಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಬೇರೆ ಬೇರೆ ಕಡೆಯಿಂದ ಬಂದ ಭಾಗಗಳ ಮೇಲೆ ಹೊಸದಾಗಿ ಸಂಖ್ಯೆ ಹೊಡೆದು ಹೊಂದಿಸುತ್ತಿದ್ದವು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ನೂರು ಮೀಟರ್ ದೂರದ ಗುರಿಹಲಗೆಯ ಮೇಲೆ ಗುಂಡುಗಳು ಚೆಲ್ಲಾಪಿಲ್ಲಿಯಾದಾಗ, ಅನುಭವವಿದ್ದ ಹಿರಿಯರೊಬ್ಬರು ಮದ್ದಾಗಲಿ, ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರ್ ಆಗಲಿ ಇಲ್ಲದ ಡಮ್ಮಿ ತೋಟಾವೊಂದನ್ನು ತಲೆಕೆಳಗಾಗಿ ಹಿಡಿದು, ಅದರ ಗುಂಡನ್ನು ನಳಿಕೆಯ ಬಾಯಿಗೆ ಇಳಿಬಿಟ್ಟರು. ಗುಂಡಿನ ಒಂದಿಷ್ಟು ಭಾಗ ಹೊರಗೆ ಕಾಣಿಸಬೇಕಾಗಿತ್ತು. ಅದು ಹಿತ್ತಾಳೆಯ ಕವಚದ ಅಂಚಿನವರೆಗೂ ಒಳಗೆ ಇಳಿದು ನಿಂತಿತು. ಉಕ್ಕಿನ ಶುಚಿಕಡ್ಡಿಯನ್ನು ವರ್ಷಾನುಗಟ್ಟಲೆ ಬಾಯಿಯ ಕಡೆಯಿಂದಲೇ ತೂರಿಸಿ ಎಳೆದದ್ದರಿಂದ ಅಲ್ಲಿಯ, ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೆರೆಗಳು ಸವೆದುಹೋಗಿದ್ದವು.

ಇಂಥ ಸವೆತವನ್ನು ಸರಿಪಡಿಸಲು ಕೆಲವು ಶಸ್ತ್ರಾಗಾರಗಳು ನಳಿಕೆಯ ತುದಿಯ ಒಳಭಾಗವನ್ನು ಸ್ವಲ್ಪ ಆಳದವರೆಗೆ ಅಗಲವಾಗಿ ಕೊರೆದು, ಗೆರೆಗಳು ಚೆನ್ನಾಗಿ ಉಳಿದಿರುವ ಜಾಗದಲ್ಲಿ ಹೊಸ ಅಂಚನ್ನು ಮಾಡಿರುತ್ತವೆ. ಅದನ್ನು ಕಂಡು ಹಿಂಜರಿಯಬೇಕಾಗಿಲ್ಲ. ಅಂಥವು ಚೆನ್ನಾಗಿಯೇ ಗುರಿ ಮುಟ್ಟುತ್ತವೆ. ನಳಿಕೆಯನ್ನು ನೋಡುವ ಮೊದಲು ಬಟ್ಟೆಯ ತುಂಡಿನಿಂದ ಒರೆಸಲು ಮಾರುವವರ ಅನುಮತಿ ಕೇಳಿ. ಶೇಖರಣೆಗೆಂದು ಬಳಿದ ಕಾಸ್ಮೊಲಿನ್ ಗ್ರೀಸ್ ಒಳಗೆ ಗಟ್ಟಿಯಾಗಿ ಕೂತಿದ್ದರೆ ಒಳ್ಳೆಯ ನಳಿಕೆಯೂ ಕಪ್ಪಾಗಿ ಕಾಣುತ್ತದೆ, ತುಕ್ಕು ತಿಂದ ಗುಳಿಗಳೂ ಅದರಡಿ ಮರೆಯಾಗುತ್ತವೆ.

ತೋಟಾದ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಅಗ್ಗದ ರೈಫಲ್ ದುಬಾರಿಯಾಗುವುದು ಇಲ್ಲಿಯೇ. ಮೊಸಿನ್ ಬಳಸುವ 7.62×54ಆರ್ ತೋಟಾ 1891ರ ಕಾಲದ್ದಾದರೂ ಇಂದಿಗೂ ಮೆಷಿನ್ ಗನ್‌ಗಳಲ್ಲಿ ಬಳಕೆಯಲ್ಲಿರುವುದರಿಂದ ಅದರ ತಯಾರಿಕೆ ನಿಂತಿಲ್ಲ. ಸ್ವೀಡನ್ನಿನ ಮೌಸರ್‌ಗಳ 6.5×55 ತೋಟಾ ಬೇಟೆಗಾರರ ಅಚ್ಚುಮೆಚ್ಚಿನದಾಗಿ ಉಳಿದುಕೊಂಡಿದೆ. ಜಪಾನಿನ ಟೈಪ್ 99 ಅರಿಸಾಕಾದ 7.7 ಮಿಲಿಮೀಟರ್ ತೋಟಾಕ್ಕೆ ಆ ಭಾಗ್ಯವಿಲ್ಲ. ಇಟಲಿಯ ಕಾರ್ಕಾನೊ ರೈಫಲ್ಲಿಗೆ ತೋಟಾದ ಜೊತೆಗೆ ಆರು ಗುಂಡು ಹಿಡಿಯುವ ವಿಶೇಷ ಕ್ಲಿಪ್ ಕೂಡ ಬೇಕು, ಕ್ಲಿಪ್ ಇಲ್ಲದಿದ್ದರೆ ಅದರ ಮ್ಯಾಗಜೀನ್ ಕೆಲಸಕ್ಕೆ ಬಾರದು. ಇಷಾಪುರದಲ್ಲಿ ತಯಾರಾದ 2ಎ1 ಹೊರನೋಟಕ್ಕೆ .303 ತೋಟಾ ಬಳಸುವ ಹಳೆಯ ಬ್ರಿಟಿಷ್ ರೈಫಲ್ ಲೀ-ಎನ್‌ಫೀಲ್ಡಿನಂತಿದ್ದರೂ 7.62 ನ್ಯಾಟೋ ತೋಟಾಕ್ಕಾಗಿಯೇ ಗಟ್ಟಿ ಉಕ್ಕಿನಲ್ಲಿ ಮಾಡಿದ್ದು, ಅದರಲ್ಲಿ .303 ತೋಟಾ ಬಳಸುವಂತಿಲ್ಲ.

ಸೈನ್ಯದ ಹಳೆಯ ದಾಸ್ತಾನಿನ ತೋಟಾಗಳು ಅಗ್ಗವಾಗಿ ಸಿಕ್ಕರೆ ಸಂತೋಷವೇ, ಆದರೆ ಅವುಗಳಲ್ಲಿ ಅನೇಕವುಗಳ ಪ್ರೈಮರಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತದೆ. ಅದು ಉರಿದ ಮೇಲೆ ನಳಿಕೆಯಲ್ಲಿ ಉಳಿಯುವ ಲವಣ ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ಬೇಗನೆ ತಿನ್ನುತ್ತದೆ. ಲವಣವನ್ನು ಎಣ್ಣೆ ಕರಗಿಸಲಾರದು, ನೀರು ಕರಗಿಸುತ್ತದೆ. ಆದ್ದರಿಂದ ಗುಂಡು ಹಾರಿಸಿದ ದಿನವೇ ನಳಿಕೆಗೂ ಬೋಲ್ಟಿನ ಮುಖಕ್ಕೂ ಬಿಸಿನೀರು ಹಾಯಿಸಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು.

ಗುಂಡು ಹಾರಿಸುವ ಉದ್ದೇಶವಿದ್ದರೆ ಹೆಡ್‌ಸ್ಪೇಸ್ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ತೋಟಾವನ್ನು ಮುಂದಕ್ಕೆ ಹೋಗದಂತೆ ತಡೆದು ನಿಲ್ಲಿಸುವ ಜಾಗಕ್ಕೂ ನಡುವೆ ಇರುವ ಅಂತರ ಅದು. ಅಂತರ ಮಿತಿಮೀರಿದರೆ ಹಿತ್ತಾಳೆಯ ಕವಚ ಹಿಗ್ಗಿ ಹರಿದು, ಬಿಸಿ ಅನಿಲ ಹಾರಿಸುವವರ ಮುಖದತ್ತಲೇ ಚಿಮ್ಮಬಹುದು. ಬೋಲ್ಟ್ ಬದಲಾಗಿರುವ ರೈಫಲ್‌ಗಳಲ್ಲಿ ಈ ಅನುಮಾನ ಹೆಚ್ಚು. ಈ ಅಂತರವನ್ನು ಅಳೆಯಲು ತೋಟಾದ ಜಾಗದಲ್ಲಿಡುವ ಉಕ್ಕಿನ ಅಳತೆಯ ತುಂಡು, ಅಂದರೆ ಗೇಜು, ನಿಮ್ಮಲ್ಲಿ ಇಲ್ಲದಿದ್ದರೆ ಬಂದೂಕು ದುರಸ್ತಿ ಬಲ್ಲವರ ಕೈಯಲ್ಲಿ ನೋಡಿಸಿ. ಮರದ ಭಾಗದಲ್ಲಿ ಬೋಲ್ಟಿನ ಹಿಂದೆ, ಹೆಬ್ಬೆರಳು ಕೂರುವ ಜಾಗದ ಬಿರುಕನ್ನು ಮುಖ್ಯವಾಗಿ ಗಮನಿಸಬೇಕು, ಉಳಿದ ಗೀರುಗಳು ಲೆಕ್ಕಕ್ಕಿಲ್ಲ.

ದೇಶದ ವಿಚಾರದಲ್ಲಿ ನನಗೂ ಒಲವುಗಳಿವೆ. ಸ್ವೀಡನ್ನಿನ ರೈಫಲ್‌ಗಳ ಮರದ ಬಲಬದಿಗೆ ಕೂರಿಸಿರುವ ಹಿತ್ತಾಳೆಯ ಬಿಲ್ಲೆಯಲ್ಲಿ, ತಪಾಸಣೆಯ ಹೊತ್ತಿಗೆ ನಳಿಕೆ ಹೇಗಿತ್ತೆಂಬುದನ್ನು ಗುರುತು ಮಾಡಿರುತ್ತಾರೆ. ಅಷ್ಟು ಪ್ರಾಮಾಣಿಕವಾದ ದಾಖಲೆ ಬೇರೆ ಯಾವ ಸೈನ್ಯದ ರೈಫಲ್ಲಿನ ಮೇಲೂ ನಾನು ಕಂಡಿಲ್ಲ. ಸ್ವಿಟ್ಜರ್ಲೆಂಡಿನ ಕೆ31ರ ಹಿಂಬದಿಯ ತಗಡನ್ನು ಬಿಚ್ಚಿದರೆ ಕೆಲವೊಮ್ಮೆ ಅದನ್ನು ಹೊತ್ತಿದ್ದ ಸೈನಿಕನ ಹೆಸರಿನ ಚೀಟಿ ಸಿಗುತ್ತದೆ, ಅದರ ಬೋಲ್ಟನ್ನು ತಿರುಗಿಸದೆ ನೇರವಾಗಿ ಎಳೆಯಬೇಕು. ಆದರೆ ಕಡಿಮೆ ಹಣವಿದ್ದು ಗುರಿ ಹೊಡೆಯುವ ಆಸೆ ಇರುವವರಿಗೆ ನಾನು ಹೇಳುವುದು ಬೇರೆ: ಹಿಂದೆ ಯಾರೋ ಬೇಟೆಗೆಂದು ಮುಂದಿನ ಮರವನ್ನು ಕತ್ತರಿಸಿ ಹಗುರ ಮಾಡಿದ ರೈಫಲ್‌ಗಳನ್ನು ನೋಡಿ. ಸಂಗ್ರಹಕಾರರು ಅವುಗಳತ್ತ ತಿರುಗಿಯೂ ನೋಡದ ಕಾರಣ ಬೆಲೆ ಇಳಿದಿರುತ್ತದೆ, ನಳಿಕೆ ಮಾತ್ರ ಅನೇಕ ಸಲ ಚೆನ್ನಾಗಿರುತ್ತದೆ.

ನನ್ನ ಎರಡನೆಯ ರೈಫಲ್ ಅಂಥದ್ದೇ, ಮರ ಕತ್ತರಿಸಿದ ಲೀ-ಎನ್‌ಫೀಲ್ಡ್ ನಂ.4. ಹತ್ತು ಗುಂಡುಗಳ ಮ್ಯಾಗಜೀನ್, ಬೆಣ್ಣೆಯಂತೆ ಜಾರುವ ಬೋಲ್ಟ್. ನಳಿಕೆಯ ಗೆರೆಗಳು ಚೂಪಾಗಿದ್ದವು, ಆದರೆ ಮುಚ್ಚಬಾರದ ಗೇಜಿನ ಮೇಲೆ ಬೋಲ್ಟ್ ಮುಚ್ಚಿಕೊಂಡಿತು. ಈ ಮಾದರಿಯಲ್ಲಿ ಬೋಲ್ಟಿನ ತಲೆಯನ್ನು ಬಿಚ್ಚಿ ಬದಲಿಸಬಹುದು. 0 ಯಿಂದ 3 ರವರೆಗೆ ಉದ್ದದ ಅಳತೆಯ ಸಂಖ್ಯೆ ಅದರ ಮೇಲೆಯೇ ಇರುತ್ತದೆ. ನನ್ನದರಲ್ಲಿ 1 ಇತ್ತು. ದುರಸ್ತಿಯವರು ಅದನ್ನು ಬಿಚ್ಚಿ 2 ಅನ್ನು ತಿರುಪಿ, ಗೇಜಿಟ್ಟು, ಬೋಲ್ಟಿನ ಹಿಡಿಯನ್ನು ಒಂದೇ ಬೆರಳಿನಿಂದ ಮೆಲ್ಲನೆ ಒತ್ತಿದರು. ಹಿಡಿ ಅರ್ಧಕ್ಕೇ ನಿಂತಿತು.