ಬ್ರೇಕ್ ಪೆಡಲ್ ಗಟ್ಟಿಯಾದರೆ ಮೊದಲು ಬೂಸ್ಟರ್ ನೋಡಿ

ಬ್ರೇಕ್ ಪೆಡಲ್ ಪೂರ್ತಿ ಒಳಗೆ ಹೋದರೆ ಎಲ್ಲರೂ ಹೆದರುತ್ತಾರೆ. ಗಟ್ಟಿಯಾದರೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಸ್ವಲ್ಪ ಜೋರಾಗಿ ತುಳಿದರಾಯಿತು ಅಂತ ಓಡಿಸುತ್ತಲೇ ಇರುತ್ತಾರೆ. ನಮ್ಮ ಕೊಡಗಿನ ರಸ್ತೆಗಳಲ್ಲಿ ಅದು ಆಗದ ಮಾತು.

ನಮ್ಮ ಹಳೆ ಡೀಸೆಲ್ ಕಾರು ಸಂಪಾಜೆ ಘಾಟಿ ಇಳಿಯುವಾಗ ಎರಡೂ ಕಾಲು ಹಾಕಿ ತುಳಿಯಬೇಕು ಅನ್ನುವಷ್ಟು ಗಟ್ಟಿಯಾಗಿತ್ತು, ತುಳಿದರೆ ಡ್ಯಾಶ್‌ಬೋರ್ಡ್ ಕೆಳಗೆ ಉಸ್ಸ್ ಅನ್ನೋ ಸದ್ದು ಬೇರೆ. ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಪ್ಯಾಡ್ ಬದಲಾಯಿಸಿ ಅಂದರು. ಪ್ಯಾಡ್ ಇನ್ನೂ ದಪ್ಪಗೇ ಇತ್ತು. ಸುಮ್ನೆ ಯಾಕೆ ದುಡ್ಡು ಹಾಕೋದು?

ಪೆಡಲ್ ತುಳಿಯುವಾಗ ಕಾಲಿಗೆ ಬಲ ಕೊಡುವ ಭಾಗವೇ ಬೂಸ್ಟರ್, ಅದರ ಪರೀಕ್ಷೆ ಮನೆಯಂಗಳದಲ್ಲೇ ಆಗುತ್ತದೆ. ಇಂಜಿನ್ ಆಫ್ ಮಾಡಿ ಪೆಡಲನ್ನು ನಾಲ್ಕೈದು ಸಲ ತುಳಿಯಿರಿ. ಗಟ್ಟಿಯಾದ ಮೇಲೆ ಹಾಗೇ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಎಲ್ಲ ಸರಿ ಇದ್ದರೆ ಪೆಡಲ್ ತಾನಾಗಿ ಸ್ವಲ್ಪ ಇಳಿಯುತ್ತದೆ. ನಮ್ಮದು ಅಲ್ಲಾಡಲಿಲ್ಲ. ಹಾಗಂತ ತಕ್ಷಣ ಹೊಸ ಬೂಸ್ಟರ್ ತರಬೇಡಿ, ಬೂಸ್ಟರಿನಿಂದ ಗಾಳಿ ಎಳೆಯುವ ಹೋಸ್ ಸೀಳಿರಬಹುದು, ಅದರ ಒನ್‌ವೇ ವಾಲ್ವ್ ಕೆಟ್ಟಿರಬಹುದು, ಡೀಸೆಲ್ ಗಾಡಿಯಾದರೆ ಆ ಗಾಳಿ ಎಳೆಯುವ ವ್ಯಾಕ್ಯೂಮ್ ಪಂಪೇ ಸೋತಿರಬಹುದು. ಹೋಸ್ ಬಿಚ್ಚಿ, ಇಂಜಿನ್ ಓಡುತ್ತಿರುವಾಗ ಹೋಸಿನ ಬಾಯಿಗೆ ಬೆರಳಿಟ್ಟಾಗ ಚೆನ್ನಾಗಿ ಎಳೆದರೆ ಪಂಪ್, ಹೋಸ್ ಎರಡೂ ಸರಿ ಇವೆ. ವಾಲ್ವ್ ಒಂದೇ ದಿಕ್ಕಿಗೆ ಗಾಳಿ ಬಿಡಬೇಕು, ಊದಿ ನೋಡಿದರೆ ಗೊತ್ತಾಗುತ್ತದೆ.

ಬೂಸ್ಟರ್ ಒಳಗೆ ದೊಡ್ಡ ರಬ್ಬರ್ ಡಯಾಫ್ರಾಮ್ ಇದೆ. ಅದರ ಎರಡೂ ಬದಿಯಿಂದ ಗಾಳಿ ಎಳೆದಿರುತ್ತದೆ. ಪೆಡಲ್ ತುಳಿದಾಗ ಹಿಂಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗಿ, ಆ ಒತ್ತಡವೇ ನಮ್ಮ ಕಾಲಿನ ಜೊತೆ ಸೇರಿ, ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ನೂಕುವ ಮಾಸ್ಟರ್ ಸಿಲಿಂಡರನ್ನು ತಳ್ಳುತ್ತದೆ. ಅಂದರೆ ಕೆಲಸ ಮಾಡುವುದು ಹೊರಗಿನ ಗಾಳಿ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಮಂಗಳೂರಿಗಿಂತ ಶೇಕಡ 12-13ರಷ್ಟು ಕಡಿಮೆ, ಹಾಗಾಗಿ ಸೊರಗಿದ ಬೂಸ್ಟರ್ ಘಟ್ಟದ ಮೇಲೆ ಇನ್ನೂ ಸೊರಗುತ್ತದೆ.

ಇನ್ನೊಂದು ಮಾತು. ಡೀಸೆಲ್ ಉಳಿಸಲು ಇಂಜಿನ್ ಆಫ್ ಮಾಡಿ ನ್ಯೂಟ್ರಲ್‌ನಲ್ಲಿ ಇಳಿಯುವವರು ನಮ್ಮಲ್ಲಿ ಈಗಲೂ ಇದ್ದಾರಲ್ವಾ? ಇಂಜಿನ್ ನಿಂತರೆ ಬೂಸ್ಟರಿನಲ್ಲಿ ಉಳಿಯುವ ಬಲ ಎರಡು ಮೂರು ತುಳಿತಕ್ಕಾಗುವಷ್ಟೇ. ಮುಂದಿನ ತಿರುವಿಗೆ ಅದೂ ಖಾಲಿ.

ಬೂಸ್ಟರ್ ಬದಲಾಯಿಸುವ ಕೆಲಸ ಕಷ್ಟವಲ್ಲ, ಕಿರಿಕಿರಿ. ಬಾನೆಟ್ ಕಡೆಯಿಂದ ಮಾಸ್ಟರ್ ಸಿಲಿಂಡರಿನ ಎರಡು ನಟ್ ಬಿಚ್ಚಬೇಕು. ಪೈಪುಗಳಿಗೆ ಸ್ವಲ್ಪ ಸಡಿಲ ಇದ್ದರೆ ಅವನ್ನು ಕಳಚದೆ ಸಿಲಿಂಡರನ್ನು ಪಕ್ಕಕ್ಕೆ ಸರಿಸಬಹುದು, ಕಳಚಿದರೆ ಆಮೇಲೆ ಪೈಪಿಗೆ ಸೇರಿದ ಏರ್ ತೆಗೆಯಲೇಬೇಕು. ಉಳಿದ ನಾಲ್ಕು ನಟ್ ಇರುವುದು ಪೆಡಲ್ ಹಿಂದೆ, ಡ್ಯಾಶ್‌ಬೋರ್ಡ್ ಕೆಳಗೆ ತಲೆಕೆಳಗಾಗಿ ಮಲಗಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಬಿಚ್ಚುವ ಜಾಗ. ಗ್ಯಾರೇಜಿನ ಹುಡುಗ ಸಣಕಲು, ಅವನಿಗೆ ಸಲೀಸಾಯಿತು.

ಹಾಕುವಾಗ ಪುಶ್‌ರಾಡ್, ಅಂದರೆ ಬೂಸ್ಟರಿನಿಂದ ಮಾಸ್ಟರ್ ಸಿಲಿಂಡರನ್ನು ತಳ್ಳುವ ಕಂಬಿ, ಅದರ ಉದ್ದ ನೋಡದೆ ಬಿಡಬೇಡಿ. ಉದ್ದ ಜಾಸ್ತಿ ಇದ್ದರೆ ಬ್ರೇಕ್ ಪೂರ್ತಿ ಬಿಡುವುದಿಲ್ಲ, ಚಕ್ರ ಬಿಸಿಯಾಗುತ್ತದೆ. ಕಡಿಮೆ ಇದ್ದರೆ ಪೆಡಲ್ ಅರ್ಧ ಹೋದ ಮೇಲೆ ಹಿಡಿಯುತ್ತದೆ. ಜ್ಯಾಕ್ ಕೊಟ್ಟು ಚಕ್ರ ಕೈಯಲ್ಲಿ ತಿರುಗಿಸಿ ನೋಡಿ.

ನಮ್ಮ ಹಳೆ ಬೂಸ್ಟರನ್ನು ವಾಲಿಸಿದಾಗ ಒಳಗಿಂದ ಬ್ರೇಕ್ ಆಯಿಲ್ ಸುರಿಯಿತು. ಆಯಿಲ್ ಕಡಿಮೆಯಾಗುತ್ತಿದ್ದರೂ ನೆಲದ ಮೇಲೆ ಒಂದು ಹನಿ ಕಾಣದಿದ್ದದ್ದು ಇದಕ್ಕೇ. ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋಗಿ ಆಯಿಲ್ ಬೂಸ್ಟರಿಗೆ ಇಳಿದಿತ್ತು, ಡಯಾಫ್ರಾಮ್ ಉಬ್ಬಿತ್ತು. ಆ ಸಿಲಿಂಡರನ್ನೂ ಬದಲಾಯಿಸಿದೆ, ಇಲ್ಲದಿದ್ದರೆ ಹೊಸ ಬೂಸ್ಟರಿಗೂ ಅದೇ ಗತಿ.