ಕಲಬುರಗಿಗೆ ಬಾರದ ಕವಿಯ ಊರಿನಲ್ಲಿ

ಫಾರಸಿ ಕ್ಲಾಸಿನ ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರದೇ ಊರು ಕೇಳುತ್ತಿದ್ದರು. ನನ್ನ ಸರದಿ ಬಂದಾಗ ಹಿಂದೂಸ್ತಾನ ಎಂದೆ. ಹಿಂದೂಸ್ತಾನದಲ್ಲಿ ಎಲ್ಲಿ? ಕಲಬುರಗಿ. ಅವರಿಗೆ ತಿಳಿಯಲಿಲ್ಲ. ಹಳೆಯ ಹೆಸರು ಹೇಳಿ ನೋಡೋಣ ಅಂತ "ಗುಲ್ಬರ್ಗಾ, ದಕ್ಕನ್" ಎಂದೆ. ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಖಾನುಮ್, ನಮ್ಮ ಹಾಫೆಜ್ ನಿಮ್ಮ ಕಡೆಗೇ ಹೊರಟಿದ್ದ. ಹಡಗು ಹತ್ತಿ ಇಳಿದುಬಿಟ್ಟ" ಎಂದರು. ಖಾನುಮ್ ಅಂದರೆ ಅಮ್ಮಾವ್ರು, ಹಾಫೆಜ್ ಅಂದರೆ ಇರಾನಿನ ಶಿರಾಜ್ ನಗರದ ಫಾರಸಿ ಕವಿ. ಆರುನೂರು ವರ್ಷದ ಹಿಂದಿನ ಮಾತು. ಹೋದ ವಾರ ಬಸ್ಸು ತಪ್ಪಿಸಿಕೊಂಡ ಅಳಿಯನ ಸುದ್ದಿ ಹೇಳಿದ ಹಾಗೆ ಹೇಳಿದರು.

ಗಂಡನ ಕೆಲಸದಿಂದಾಗಿ ಶಿರಾಜಿಗೆ ಬಂದವಳು ನಾನು. ಇದು ಎರಡನೇ ಚಳಿಗಾಲ. ತರಕಾರಿ ಕೊಳ್ಳುವಷ್ಟು ಭಾಷೆ ಬಂದರೆ ಸಾಕು ಅಂತ ಕ್ಲಾಸಿಗೆ ಸೇರಿದ್ದೆ. ಆದರೆ ಇಲ್ಲಿ ತರಕಾರಿ ಅಂಗಡಿಯಲ್ಲೂ ಪದ್ಯ ತಪ್ಪುವುದಿಲ್ಲ. ಟೊಮೇಟೊ ರೇಟು ಜಾಸ್ತಿಯಾಯಿತಲ್ಲ ಎಂದರೆ ಅಂಗಡಿಯ ಅಜ್ಜ ತಕ್ಕಡಿ ಹಿಡಿದುಕೊಂಡೇ ಎರಡು ಸಾಲು ಹೇಳಿಬಿಡುತ್ತಾರೆ. ರೇಟು ಮಾತ್ರ ಇಳಿಯುವುದಿಲ್ಲ.

ಆ ಹಡಗಿನ ಕತೆ ಹೀಗಿದೆ. ಬಹಮನಿ ಸುಲ್ತಾನ ಎರಡನೇ ಮಹಮ್ಮದ್ 1378ರಿಂದ 1397ರವರೆಗೆ ಕಲಬುರಗಿಯಿಂದ ಆಳಿದವನು. ಅವನಿಗೆ ಕವಿಗಳ ಹುಚ್ಚು. ಅವನ ಆಸ್ಥಾನದ ಮೀರ್ ಫಜಲುಲ್ಲಾ ಇಂಜೂ ದಾರಿಖರ್ಚು ಕಳಿಸಿ ಹಾಫೆಜನನ್ನು ಕರೆಸಿದ. ಹಾಫೆಜ್ ಆ ದುಡ್ಡಿನಲ್ಲಿ ಒಂದಿಷ್ಟನ್ನು ಅಕ್ಕತಂಗಿಯರ ಮಕ್ಕಳಿಗೆ, ಸಾಲಗಾರರಿಗೆ ಕೊಟ್ಟ. ಲಾರ್ ಎಂಬ ಊರಿನಲ್ಲಿ ದರೋಡೆಗೆ ಸಿಕ್ಕಿದ ಗೆಳೆಯನೊಬ್ಬ ಎದುರಾದ, ಉಳಿದದ್ದು ಅವನ ಪಾಲಾಯಿತು. ಆಮೇಲೆ ಇಬ್ಬರು ವ್ಯಾಪಾರಿಗಳು ಖರ್ಚು ನೋಡಿಕೊಂಡು ಹೊರ್ಮುಜ್ ಬಂದರಿಗೆ ಕರೆತಂದರು. ಹಡಗು ಹತ್ತಿದ. ಬಿರುಗಾಳಿ ಎದ್ದಿತು. ಏನೋ ನೆಪ ಹೇಳಿ ದಡಕ್ಕಿಳಿದ. ಒಂದು ಗಜಲ್ ಬರೆದು ಕಲಬುರಗಿಗೆ ಕಳಿಸಿ ತಾನು ಶಿರಾಜಿಗೆ ಹಿಂತಿರುಗಿದ. ಸುಲ್ತಾನ ಬೇಜಾರು ಮಾಡಿಕೊಳ್ಳಲಿಲ್ಲವಂತೆ, ಉಡುಗೊರೆಯನ್ನೂ ಕಳಿಸಿದನಂತೆ.

ಇದನ್ನು ಬರೆದವನು ಇತಿಹಾಸಕಾರ ಫೆರಿಷ್ತಾ. ಬರೆದದ್ದು ನಮ್ಮ ವಿಜಯಪುರದಲ್ಲಿ, ಇಬ್ರಾಹಿಂ ಆದಿಲ್‌ಶಾಹನ ಆಶ್ರಯದಲ್ಲಿ. ಹಾಫೆಜ್ ತೀರಿಹೋಗಿ ಆಗಲೇ ಇನ್ನೂರು ವರ್ಷ ದಾಟಿತ್ತು. ಆದ್ದರಿಂದ ಎಷ್ಟು ನಂಬಬೇಕೋ ಅಷ್ಟು ನಂಬಿ. ನಾನಂತೂ ಊರಿನ ಅಭಿಮಾನಕ್ಕೆ ಪೂರ್ತಿ ನಂಬುತ್ತೇನೆ.

ಆ ಗಜಲ್ ಹೀಗೆ ಶುರುವಾಗುತ್ತದೆ:

ದಮೀ ಬಾ ಗಮ್ ಬೆ ಸರ್ ಬೊರ್ದನ್ ಜಹಾನ್ ಯೆಕ್‌ಸರ್ ನೆಮೀಅರ್ಜದ್
ಬೆ ಮೇಯ್ ಬೆಫ್ರೂಶ್ ದಲ್ಕೆ ಮಾ ಕಜೀನ್ ಬೆಹ್‌ತರ್ ನೆಮೀಅರ್ಜದ್

ಸಾಲಿನ ಕೊನೆ ನೋಡಿ. ಯೆಕ್‌ಸರ್, ಬೆಹ್‌ತರ್ ಎಂಬ ಪ್ರಾಸದ ಪದಗಳಿಗೆ ಕಾಫಿಯಾ ಎನ್ನುತ್ತಾರೆ. ಅದರ ಹಿಂದೆಯೇ ಬದಲಾಗದೆ ಬರುವ 'ನೆಮೀಅರ್ಜದ್' ರದೀಫ್. ಮೊದಲ ಜೋಡಿಯಲ್ಲಿ ಎರಡೂ ಸಾಲಿಗೆ ಇವೆರಡು ಬೇಕು. ಮುಂದಿನ ಜೋಡಿಗಳಲ್ಲಿ ಎರಡನೇ ಸಾಲಿಗೆ ಬಂದರೆ ಸಾಕು. ನೆಮೀಅರ್ಜದ್ ಅಂದರೆ ಏನು ಎಂದು ಮೇಷ್ಟ್ರು ಇಂಗ್ಲಿಷಿನಲ್ಲಿ ಒದ್ದಾಡುತ್ತಿದ್ದರು. ನನಗೆ ಥಟ್ಟನೆ ಹೊಳೆಯಿತು: ಬಾಳದು! ಈ ಸೀರೆ ಅಷ್ಟು ಬೆಲೆ ಬಾಳುವುದಿಲ್ಲ ಅಂತೀವಲ್ಲ, ಅದೇ ಬಾಳು. ಅವತ್ತು ರಾತ್ರಿ ಹೀಗೆ ಬರೆದುಕೊಂಡೆ:

ಒಂದು ಗಳಿಗೆ ಕೊರಗಿ ಕಳೆಯಲು ಈ ಇಡೀ ಲೋಕವೇ ಬಾಳದು
ಮಾರಿ ಹೆಂಡ ತನ್ನಿ ನನ್ನ ಜೋಗಿಯಂಗಿ, ಅದಕ್ಕಿಂತ ಹೆಚ್ಚು ಬಾಳದು

ಕಾಫಿಯಾ ಕೈಗೆ ಬರಲಿಲ್ಲ. ರದೀಫ್ ಮಾತ್ರ ಸಲೀಸಾಗಿ ಬಂತು. ಕಾರಣ ಸುಲಭ. ಫಾರಸಿಯಲ್ಲೂ ನಮ್ಮಂತೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಮಾತು ಹೇಗೂ ಅಲ್ಲೇ ಬಂದು ನಿಲ್ಲಬೇಕು, ಅದೇ ಪದ ಪ್ರತಿ ಸಲ ಬಂದು ನಿಂತರೆ ರದೀಫ್ ಆಯಿತು. ರಾಯಚೂರಿನ ಶಾಂತರಸರು ಕನ್ನಡದಲ್ಲಿ ಗಜಲ್ ಬರೆದಾಗ ಅದು ಕಡ ತಂದ ಅಂಗಿಯಂತೆ ಕಾಣಲಿಲ್ಲವಲ್ಲ, ಅದಕ್ಕೆ ಇದೂ ಒಂದು ಕಾರಣ ಇರಬೇಕು. ಆದರೆ ಒಂದು ತಮಾಷೆ ಇದೆ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತದೆ. ಇವರದು ಬಾಲದಲ್ಲಿ. ಕುಮಾರವ್ಯಾಸನನ್ನು ಕೇಳಿ ಬೆಳೆದ ಕಿವಿ ಪ್ರಾಸಕ್ಕಾಗಿ ಸಾಲಿನ ತಲೆಯಲ್ಲೇ ಕಾಯುತ್ತಾ ಕೂರುತ್ತದೆ. ಅದನ್ನು ತುದಿಗೆ ಕಳಿಸಲು ನನಗೆ ಆರು ತಿಂಗಳು ಹಿಡಿಯಿತು.

ಅದೇ ಗಜಲಿನಲ್ಲಿ ಸಮುದ್ರದ ಮಾತೂ ಇದೆ. ಲಾಭದ ಆಸೆಯಲ್ಲಿ ಕಡಲ ಕಷ್ಟ ಮೊದಲು ಎಷ್ಟು ಸುಲಭವಾಗಿ ಕಂಡಿತು, ತಪ್ಪು ಮಾಡಿದೆ, ಈ ಬಿರುಗಾಳಿಗೆ ನೂರು ಮುತ್ತು ಕೊಟ್ಟರೂ ಬಾಳದು ಅಂತ. ಮೂಲದಲ್ಲಿ ಆಸಾನ್, ದರಿಯಾ, ಗಲತ್, ತೂಫಾನ್ ಎಂಬ ಪದಗಳೇ ಇವೆ. ನಮ್ಮಜ್ಜ ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಓದಿದವರು. ಮನೆಯಲ್ಲಿ ಕನ್ನಡ, ಕಾಗದಪತ್ರದಲ್ಲಿ ಉರ್ದು. ಅವರ ಬಾಯಲ್ಲಿ ಕೇಳಿದ್ದ ಪದಗಳು ಇಲ್ಲಿ ಪದ್ಯದೊಳಗೆ ಸಿಕ್ಕಿದಾಗ ಸಂತೆಯಲ್ಲಿ ನೆಂಟರನ್ನು ಕಂಡಷ್ಟು ಖುಷಿಯಾಯಿತು.

ಇಲ್ಲಿಯವರು ಎರಡು ಸಾಲಿನ ಜೋಡಿಗೆ ಬೇಯ್ತ್ ಎನ್ನುತ್ತಾರೆ. ಅರಬ್ಬಿಯಲ್ಲಿ ಅದಕ್ಕೆ ಮನೆ ಎಂಬ ಅರ್ಥ. ಅರ್ಧಕ್ಕೆ, ಅಂದರೆ ಒಂದು ಸಾಲಿಗೆ, ಮೆಸ್ರಾ. ಅದು ಬಾಗಿಲಿನ ಒಂದು ಕದ. ಹಾಗೆ ನೋಡಿದರೆ ಗಜಲ್ ಒಂದು ಓಣಿ. ಏಳೆಂಟು ಮನೆ, ಎಲ್ಲಕ್ಕೂ ಒಂದೇ ಬಣ್ಣದ ಬಾಗಿಲು. ಒಳಗಿನ ಸಂಸಾರ ಮಾತ್ರ ಬೇರೆ ಬೇರೆ. ಒಂದರಲ್ಲಿ ಪ್ರೇಮ, ಪಕ್ಕದ್ದರಲ್ಲಿ ಕಪಟ ಸನ್ಯಾಸಿಗೆ ಬೈಗುಳ, ಮೂರನೆಯದರಲ್ಲಿ ಹೆಂಡದಂಗಡಿ. ಮೊದಮೊದಲು ನನಗೆ ಇದು ಹಿಡಿಸಲಿಲ್ಲ. ಕತೆ ಎಲ್ಲಿ, ಒಂದಕ್ಕೊಂದು ಸಂಬಂಧ ಎಲ್ಲಿ ಅಂತ ಹುಡುಕುತ್ತಿದ್ದೆ. ಆಮೇಲೆ ಗೊತ್ತಾಯಿತು, ತರಕಾರಿ ಅಜ್ಜನಿಗೆ ಇಡೀ ಓಣಿ ಬೇಡ. ತನಗೆ ಬೇಕಾದ ಒಂದು ಮನೆಯ ಬಾಗಿಲು ತಟ್ಟುತ್ತಾರೆ ಅಷ್ಟೇ.

ಕೊನೆಯ ಮನೆಗೆ ಕವಿಯ ನಾಮಫಲಕ ಇರುತ್ತದೆ. ತಖಲ್ಲುಸ್ ಎನ್ನುತ್ತಾರೆ. ವಚನಗಳ ಅಂಕಿತದ ಹಾಗೆ ಅಂದುಕೊಂಡಿದ್ದೆ. ಆದರೆ ಬಸವಣ್ಣ ಕೊನೆಗೆ ಹೇಳುವುದು ಕೂಡಲಸಂಗಮದೇವನ ಹೆಸರು. ಹಾಫೆಜ್ ತನ್ನ ಹೆಸರನ್ನೇ ಕರೆದು ತನಗೇ ಬುದ್ಧಿ ಹೇಳಿಕೊಳ್ಳುತ್ತಾನೆ, ಕೆಲವೊಮ್ಮೆ ಬೆನ್ನೂ ತಟ್ಟಿಕೊಳ್ಳುತ್ತಾನೆ.

ಈಗ ನನ್ನ ಮಾನ ಹೋದ ಪ್ರಸಂಗ. ಹಾಫೆಜನ ದಿವಾನದ, ಅಂದರೆ ಕವನಸಂಗ್ರಹದ, ಮೊದಲ ಗಜಲ್‌ನಲ್ಲಿ ಒಂದು ಜೋಡಿ ಬರುತ್ತದೆ. ಕತ್ತಲ ರಾತ್ರಿ, ಅಲೆಯ ಭಯ, ಇಂಥ ಘೋರ ಸುಳಿ. ಅದರ ಎರಡನೇ ಸಾಲು: ಕೊಜಾ ದಾನಂದ್ ಹಾಲೆ ಮಾ ಸಬೊಕ್‌ಬಾರಾನೆ ಸಾಹೆಲ್‌ಹಾ. ಫಾರಸಿ ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವುದಿಲ್ಲ. ಎರಡು ಪದ ಜೋಡಿಸುವ ಆ 'ಎ' ಕೂಡ ಕಾಣುವುದಿಲ್ಲ. ಓದುವವರೇ ತುಂಬಿಕೊಳ್ಳಬೇಕು. ಬಾರಾನ್ ಅಂದರೆ ಮಳೆ ಎಂದು ನನಗೆ ಗೊತ್ತಿತ್ತು, ಸಬೊಕ್ ಅಂದರೆ ಹಗುರ. ಧೈರ್ಯವಾಗಿ ಎದ್ದು ನಿಂತು 'ಸಬೊಕ್ ಬಾರಾನ್, ಸಾಹೆಲ್‌ಹಾ' ಎಂದು ಓದಿ, ದಡದಲ್ಲಿ ತುಂತುರು ಮಳೆ ಬರುತ್ತಿದೆ ಎಂದು ಅರ್ಥವನ್ನೂ ಹೇಳಿದೆ. ಕ್ಲಾಸಿನಲ್ಲಿದ್ದ ತುರ್ಕಿಯ ಹುಡುಗನೂ ನಕ್ಕ. ಅಲ್ಲಿರುವುದು ಮಳೆಯಲ್ಲ, ಭಾರ. ಹೊರೆ ಇಲ್ಲದೆ ಹಗುರವಾಗಿ ದಡದಲ್ಲಿ ನಿಂತವರಿಗೆ ನಮ್ಮ ಪಾಡು ಹೇಗೆ ತಿಳಿದೀತು ಅಂತ ಕವಿ ಕೇಳುತ್ತಿದ್ದಾನೆ.

ಮೇಷ್ಟ್ರು ನಗಲಿಲ್ಲ. "ಅರ್ಥ ಬಿಡಿ, ಬೆರಳು ಮಡಚಿ ಎಣಿಸಿ" ಎಂದರು. ಆ ಗಜಲಿನ ನಡೆ ಒಂದು ಲಘು, ಮೂರು ಗುರು. ಅದು ಸಾಲಿಗೆ ನಾಲ್ಕು ಸಲ. ಸ-ಬೊಕ್-ಬಾ-ರಾ, ನೆ-ಸಾ-ಹೆಲ್-ಹಾ. ನಾನು ಓದಿದ ಹಾಗೆ ಓದಿದರೆ ಆ 'ನೆ' ಇಲ್ಲ, ಒಂದು ಲಘು ಕಡಿಮೆ ಬೀಳುತ್ತದೆ. ಲಿಪಿ ಮುಚ್ಚಿಟ್ಟದ್ದನ್ನು ಛಂದಸ್ಸು ಹೇಳಿಕೊಟ್ಟಿತು! ಹೈಸ್ಕೂಲಿನಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಇದರಿಂದ ಏನು ಉಪಯೋಗ ಸಾರ್ ಅಂತ ಕೇಳಿದ್ದವಳು ನಾನೇ. ಅಂದಹಾಗೆ, ಕಲಬುರಗಿಗೆ ಕಳಿಸಿದ ಆ 'ಬಾಳದು' ಗಜಲಿನ ನಡೆಯೂ ಇದೇ.

ಅವತ್ತೇ ಇನ್ನೊಂದು ಸಂಗತಿ ಕಂಡುಕೊಂಡೆ. ಫಿರ್ದೌಸಿ 1010ರಲ್ಲಿ ಮುಗಿಸಿದ ಶಾಹನಾಮೆ ಸುಮಾರು 50,000 ಜೋಡಿ ಸಾಲಿನ ರಾಜರ ಕತೆ. ಎಲ್ಲವೂ ಒಂದೇ ಛಂದಸ್ಸಿನಲ್ಲಿ. ಇಲ್ಲಿನ ಮಕ್ಕಳಿಗೆ ಬಾಯಿಪಾಠವಾಗಿರುವ ಸಾಲು: ತವಾನಾ ಬೊವದ್ ಹರ್ ಕೆ ದಾನಾ ಬೊವದ್. ಬಲ್ಲವನೇ ಬಲವಂತ ಅಂತ. ಬೆರಳು ಮಡಚಿದೆ. ಲಘು ಗುರು ಗುರು, ಮೂರು ಸಲ, ಕೊನೆಗೆ ಲಘು ಗುರು. ಇದು ಯಗಣ ಅಲ್ವಾ? ನಾಲ್ಕು ಯಗಣ ಇಟ್ಟರೆ ಭುಜಂಗಪ್ರಯಾತ. ಅಜ್ಜಿ ದೇವರ ಮುಂದೆ ಹೇಳುತ್ತಿದ್ದ ಸುಬ್ರಹ್ಮಣ್ಯ ಭುಜಂಗದ ನಡೆ. ಅದರ ಕೊನೆಯ ಒಂದು ಗುರು ಕಡಿದರೆ ಶಾಹನಾಮೆಯ ವೀರ ರುಸ್ತುಮ್ ಕುದುರೆ ಹತ್ತಿ ಬರುತ್ತಾನೆ. ಸುಮ್ನೆ ಒಮ್ಮೆ ಅಜ್ಜಿಯ ಸ್ತೋತ್ರವನ್ನು ಮೇಷ್ಟ್ರಿಗೆ ಹೇಳಿ ತೋರಿಸಿದೆ. ಮೇಜಿನ ಮೇಲೆ ತಾಳ ಹಾಕುತ್ತಾ ಕೇಳಿದರು.

ಶಾಹನಾಮೆಯಂಥ ಉದ್ದದ ಕತೆಗಳಿಗೆ ಮಸ್ನವಿ ರೂಪ. ಪ್ರತಿ ಜೋಡಿಗೆ ಅದರದೇ ಪ್ರಾಸ. ಒಂದೇ ಪ್ರಾಸ ಕೊನೆತನಕ ಎಳೆಯಬೇಕಾಗಿಲ್ಲವಾದ್ದರಿಂದ ಎಷ್ಟು ದೂರ ಬೇಕಾದರೂ ಹೋಗಬಹುದು. ಮೌಲಾನಾ ರೂಮಿ ಆರು ಸಂಪುಟ ಹೋದ. ಕಸೀದಾ ಎಂದರೆ ಹೆಚ್ಚಾಗಿ ದೊರೆಯನ್ನು ಹೊಗಳುವ ಉದ್ದನೆಯ ಪದ್ಯ. ನನಗೆ ಅಷ್ಟಕ್ಕಷ್ಟೇ. ರುಬಾಯಿ ನಾಲ್ಕೇ ಸಾಲು, ಸಾಮಾನ್ಯವಾಗಿ ಮೂರನೆಯದಕ್ಕೆ ಪ್ರಾಸ ಇರುವುದಿಲ್ಲ. ಅಲ್ಲಿ ಕಾಲು ಜಾರಿದಂತಾಗಿ ನಾಲ್ಕನೆಯದರಲ್ಲಿ ನೆಲ ಸಿಗುತ್ತದೆ. ಡಿವಿಜಿಯವರ ಉಮರನ ಒಸಗೆಯಿಂದ ಉಮರ್ ಖಯ್ಯಾಮ್ ನಮಗೆ ಪರಿಚಿತ. ಡಿವಿಜಿ ಇಂಗ್ಲಿಷಿನ ಮೂಲಕ ತಂದರು. ಇಲ್ಲಿ ಖಯ್ಯಾಮ್ ಎಂದರೆ ಮೊದಲು ಗಣಿತದವನು, ಪಂಚಾಂಗ ತಿದ್ದಿದವನು, ಆಮೇಲೆ ಕವಿ.

ನನ್ನನ್ನು ನಿಜವಾಗಿ ಕಾಡುವುದು 'ಊ' ಎಂಬ ಒಂದೇ ಅಕ್ಷರ. ಫಾರಸಿಯಲ್ಲಿ ಅವನು, ಅವಳು ಎಂಬ ಭೇದವಿಲ್ಲ, ಎರಡಕ್ಕೂ ಊ. ಹಾಗಾಗಿ ಗಜಲಿನ ಪ್ರಿಯ ವ್ಯಕ್ತಿ ಹೆಣ್ಣೋ, ಗಂಡೋ, ದೊರೆಯೋ, ದೇವರೋ ಹೇಳಬೇಕಾಗಿಯೇ ಇಲ್ಲ. ಕನ್ನಡಕ್ಕೆ ತರುವಾಗ ನಾನು 'ಅವಳು' ಎಂದ ಕೂಡಲೇ ಮೂರು ಬಾಗಿಲು ಮುಚ್ಚಿಹೋಗುತ್ತವೆ. 'ಅವರು' ಎಂದು ಬರೆದು ನೋಡಿದೆ. ಮಾವನವರಿಗೆ ಬರೆದ ಕಾಗದದಂತಾಯಿತು. ಹೆಂಡದ ವಿಷಯವೂ ಹಾಗೆಯೇ. ಅದು ನಿಜವಾದ ದ್ರಾಕ್ಷಿಯದೋ ಭಕ್ತಿಯ ಅಮಲೋ ಎಂದು ಇಲ್ಲಿ ಕೇಳಿದರೆ ಒಂದು ಸಂಜೆ ಸಾಲದು.

ಹಾಫೆಜನ ಸಮಾಧಿ ನಮ್ಮ ಮನೆಯಿಂದ ದೂರವಿಲ್ಲ. ಎಂಟು ಕಂಬಗಳ ಮೇಲೆ ಸಾಧುವಿನ ಟೋಪಿಯಂಥ ಗುಮ್ಮಟ, 1935ರಲ್ಲಿ ಕಟ್ಟಿದ್ದು. ವಿನ್ಯಾಸ ಫ್ರಾನ್ಸಿನ ಆಂದ್ರೆ ಗೊದಾರ್‌ನದು. ಜನ ಬಂದು ಅಮೃತಶಿಲೆಯ ಮೇಲೆ ಎರಡು ಬೆರಳಿಟ್ಟು ತುಟಿ ಅಲುಗಿಸುತ್ತಾರೆ. ಪುಟ್ಟ ಹಕ್ಕಿ ಇಟ್ಟುಕೊಂಡು ಕೂತವನಿಗೆ ದುಡ್ಡು ಕೊಟ್ಟರೆ ಹಕ್ಕಿ ಕೊಕ್ಕಿನಲ್ಲಿ ಒಂದು ಚೀಟಿ ಎಳೆದುಕೊಡುತ್ತದೆ. ಥೇಟ್ ನಮ್ಮ ಗಿಣಿಶಾಸ್ತ್ರ. ಚೀಟಿಯಲ್ಲಿ ಭವಿಷ್ಯದ ಬದಲು ಹಾಫೆಜನ ಸಾಲು ಇರುತ್ತದೆ, ಅಷ್ಟೇ ವ್ಯತ್ಯಾಸ. ನನಗೆ ಬಂದ ಚೀಟಿಯನ್ನು ಪಕ್ಕದಲ್ಲಿದ್ದ ಹೆಂಗಸಿಗೆ ತೋರಿಸಿದರೆ "ಒಳ್ಳೆಯದೇ ಇದೆ" ಎಂದರು. ಕೆಟ್ಟದ್ದು ಬಂದವರನ್ನು ನಾನು ಇನ್ನೂ ನೋಡಿಲ್ಲ.

ಹೋದ ಡಿಸೆಂಬರಿನ ಯಲ್ದಾ ರಾತ್ರಿ, ಅಂದರೆ ವರ್ಷದ ಅತಿ ಉದ್ದದ ರಾತ್ರಿ, ಕೆಳಮನೆಯ ಖಾನುಮ್ ನಮ್ಮನ್ನು ಕರೆದಿದ್ದರು. ದಾಳಿಂಬೆ, ಕಲ್ಲಂಗಡಿ, ಬಾದಾಮಿ ಪಿಸ್ತಾ ರಾಶಿ. ಮೊದಲು ಹಾಫೆಜನ ದಿವಾನ ಕಣ್ಣುಮುಚ್ಚಿ ತೆರೆದು ಒಬ್ಬೊಬ್ಬರಿಗೂ ಫಾಲ್, ಅಂದರೆ ಶಕುನ, ನೋಡಿದರು. "ಶಿರಾಜಿನ ಹಾಫೆಜ್, ಎಲ್ಲ ಗುಟ್ಟೂ ಬಲ್ಲವನೇ" ಎಂದು ಕರೆದು ಪುಟ ತೆರೆಯುತ್ತಾರೆ. ನಂತರ ಮೊಶಾಎರೆ ಶುರುವಾಯಿತು. ನಮ್ಮ ಅಂತ್ಯಾಕ್ಷರಿಯೇ, ಆದರೆ ಸಿನಿಮಾ ಹಾಡಿಲ್ಲ, ಪದ್ಯ ಮಾತ್ರ. ಒಬ್ಬರ ಜೋಡಿ ಮುಗಿದ ಅಕ್ಷರದಿಂದ ಇನ್ನೊಬ್ಬರು ಎತ್ತಿಕೊಳ್ಳಬೇಕು.

ಇದರಲ್ಲಿ 'ದಾಲ್' ಅಂದರೆ ದ ಅಕ್ಷರದ ಕಾಟ ಹೇಳತೀರದು. ಕ್ರಿಯಾಪದ ಕೊನೆಗೆ ಬರುತ್ತದಲ್ಲ, ಅದರ ತುದಿ ಬಹಳ ಸಲ ದ್. ಸುತ್ತು ಸುತ್ತಿ ಎಲ್ಲರೂ ದಾಲ್‌ಗೇ ಬಂದು ಬೀಳುತ್ತಾರೆ. ಖಾನುಮ್ ಅವರ ಒಂಬತ್ತು ವರ್ಷದ ಮೊಮ್ಮಗಳು ಮೂರು ಸಲ ನನಗೆ ದಾಲ್ ಕೊಟ್ಟಳು. ಎರಡು ಸಲ ಸೋತು ಪಿಸ್ತಾ ಸಿಪ್ಪೆ ಸುಲಿದುಕೊಡುವ ಶಿಕ್ಷೆ ಅನುಭವಿಸಿದೆ. ಮೂರನೇ ಸಲ ಅವಳು ಆಗಲೇ ಗೆದ್ದವಳ ಹಾಗೆ ಕೈಚಾಚಿ ಕೂತಿದ್ದಳು.

"ದಮೀ ಬಾ ಗಮ್ ಬೆ ಸರ್ ಬೊರ್ದನ್..." ಎಂದು ಶುರುಮಾಡಿದೆ. ಖಾನುಮ್ ಖುಷಿಯಿಂದ ದನಿಗೂಡಿಸಿದರು. ಎರಡನೇ ಸಾಲು ಮುಗಿದು ನೆಮೀಅರ್ಜದ್ ಬಂತು. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡಳು. ಸ್ವಲ್ಪ ಹೊತ್ತು ಚಾವಣಿ ನೋಡಿದಳು. ಮತ್ತೆ ದಾಲ್, ಈ ಸಲ ಅವಳಿಗೆ.

"ಈ ಖಾಲಾಗೆ ಇದನ್ನು ಯಾರು ಹೇಳಿಕೊಟ್ಟರು?" ಎಂದು ಅಜ್ಜಿಯನ್ನು ಕೇಳಿದಳು.

"ಅವರ ಊರಿಗೇ ಬರೆದ ಕಾಗದ ಅದು" ಎಂದರು ಖಾನುಮ್. "ಪಿಸ್ತಾ ಸುಲಿ."